ಒಂದು ಅಗುಳಿನ ಲೆಕ್ಕ: ವಿಸ್ಕಾನ್ಸಿನ್ ಸಮೀಕ್ಷೆಗಳನ್ನು ಓದುವ ಬಗೆ

(ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಸಮೀಕ್ಷೆಗಳ ಬಗ್ಗೆ ಸಣ್ಣ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಹೇಳಿದ್ದನ್ನು ಕಿತ್ತು ಹಾಕಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಮೊದಲು ಒಂದು ಪ್ರಶ್ನೆ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಎತ್ತುವವರು ಇಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಿ. (ಮೂರು ಕೈ.) ಸರಿ, ಎತ್ತಿದಿರಿ. ಆ ಕಡೆಯವರು ‘ಒಂದು ಹತ್ತು ನಿಮಿಷ ರಾಜಕೀಯದ ಬಗ್ಗೆ ಪ್ರಶ್ನೆ ಕೇಳ್ತೀವಿ’ ಅಂದರು. ಫೋನ್ ಇಡದೆ ಪೂರ್ತಿ ಉತ್ತರ ಕೊಡುವವರು ಯಾರು? (ಒಂದೇ ಕೈ. ಪಕ್ಕದಲ್ಲಿದ್ದ ಅವರ ಮನೆಯವರು ನಕ್ಕರು.) ಸರ್, ಇವತ್ತಿನ ಕಥೆಯ ನಾಯಕರು ನೀವೇ. ಆ ಕೈಯನ್ನು ಎಲ್ಲರೂ ನೆನಪಿಟ್ಟುಕೊಳ್ಳಿ, ಆಮೇಲೆ ಅದರ ಹತ್ತಿರ ವಾಪಸ್ ಬರುತ್ತೇನೆ.

ಅಮೆರಿಕದಲ್ಲಿ 50 ರಾಜ್ಯಗಳಿವೆ. ಆದರೆ ಅಧ್ಯಕ್ಷರ ಚುನಾವಣೆ ಬಂದಾಗ ಟಿವಿಯವರು ಮಾತಾಡುವುದು ಆರೇಳು ರಾಜ್ಯಗಳ ಬಗ್ಗೆ ಮಾತ್ರ. ಕಾರಣ ನಿಮಗೆ ಗೊತ್ತೇ ಇದೆ. ಅಧ್ಯಕ್ಷರನ್ನು ಆರಿಸುವುದು ರಾಜ್ಯಗಳಿಗೆ ಹಂಚಿರುವ ಎಲೆಕ್ಟೋರಲ್ ವೋಟುಗಳು. ಅವು ಒಟ್ಟು 538, 270 ಸಿಕ್ಕವರು ಗೆದ್ದರು. ಬಹುತೇಕ ಎಲ್ಲ ರಾಜ್ಯಗಳಲ್ಲೂ ಒಂದು ವೋಟು ಜಾಸ್ತಿ ಪಡೆದವರಿಗೆ ಆ ರಾಜ್ಯದ ಎಲೆಕ್ಟೋರಲ್ ವೋಟುಗಳೆಲ್ಲ ಹೋಗುತ್ತವೆ. ಹಾಗಾಗಿ ಕ್ಯಾಲಿಫೋರ್ನಿಯಾ ಯಾರ ಕಡೆ ಅಂತ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅತ್ತಿತ್ತ ತೂಗುವ ಸ್ವಿಂಗ್ ಸ್ಟೇಟ್‌ಗಳ ಮೇಲೇ ಎಲ್ಲರ ಕಣ್ಣು.

ನಾನು ಇವತ್ತು ಒಂದೇ ರಾಜ್ಯ ಹಿಡಿದುಕೊಂಡು ಮಾತಾಡುತ್ತೇನೆ. ವಿಸ್ಕಾನ್ಸಿನ್. ಹಾಲು, ಚೀಸ್, ಚಳಿ. ದೊಡ್ಡ ಊರು ಮಿಲ್ವಾಕಿ, ರಾಜಧಾನಿ ಮ್ಯಾಡಿಸನ್, ಉಳಿದದ್ದು ಹೆಚ್ಚಾಗಿ ಸಣ್ಣ ಪಟ್ಟಣಗಳು ಮತ್ತು ಹೊಲಗಳು. ಎಲೆಕ್ಟೋರಲ್ ವೋಟು ಬರೀ 10. ಆದರೆ ಅದರ ಲೆಕ್ಕ ನೋಡಿ. 2000ದಲ್ಲಿ ಅಲ್ ಗೋರ್ ಅಲ್ಲಿ ಗೆದ್ದದ್ದು 5,708 ವೋಟುಗಳಿಂದ. 2004ರಲ್ಲಿ ಜಾನ್ ಕೆರ್ರಿ 11,384ರಿಂದ. 2016ರಲ್ಲಿ ಟ್ರಂಪ್ 22,748ರಿಂದ. 2020ರಲ್ಲಿ ಬೈಡನ್ 20,682ರಿಂದ. 2024ರಲ್ಲಿ ಮತ್ತೆ ಟ್ರಂಪ್, 29,397ರಿಂದ. ಸುಮಾರು 30 ಲಕ್ಷ ಜನ ವೋಟು ಹಾಕುವ ರಾಜ್ಯ ಅದು. ಏಳು ಚುನಾವಣೆಗಳಲ್ಲಿ ಐದು ಸಲ ಅಂತರ ಶೇ 1ಕ್ಕಿಂತ ಕಡಿಮೆ! ಒಬಾಮಾ ನಿಂತ ಎರಡು ಸಲ ಮಾತ್ರ ಆರಾಮಾಗಿ ಗೆದ್ದರು.

ಇಂಥ ಕೂದಲೆಳೆ ಗೆಲುವು ನಮಗೇನೂ ಹೊಸದಲ್ಲ. 2004ರಲ್ಲಿ ನಮ್ಮ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಧ್ರುವನಾರಾಯಣ ಒಂದೇ ಒಂದು ವೋಟಿನಿಂದ ಗೆದ್ದಿದ್ದರು. 2023ರಲ್ಲಿ ಜಯನಗರದಲ್ಲಿ 16 ವೋಟು. ಇವನ್ನು ಯಾವ ಸಮೀಕ್ಷೆಯಾದರೂ ಮೊದಲೇ ಹೇಳೋಕೆ ಸಾಧ್ಯವಿತ್ತಾ? ಇಲ್ಲ ಅಂತ ತಕ್ಷಣ ಒಪ್ಪುತ್ತೀರಿ. ವಿಸ್ಕಾನ್ಸಿನ್‌ನ 22 ಸಾವಿರ ವೋಟೂ ಸಮೀಕ್ಷೆಯ ಕಣ್ಣಿಗೆ ಹೆಚ್ಚುಕಡಿಮೆ ಆ ಒಂದು ವೋಟಿನಷ್ಟೇ ಚಿಕ್ಕದು. ಇದನ್ನು ಒಪ್ಪುವುದಕ್ಕೆ ಮಾತ್ರ ನಾವು ತಯಾರಿಲ್ಲ.

ಯಾಕೆ ಚಿಕ್ಕದು ಅಂತ ನೋಡೋಣ. ಅನ್ನ ಬೆಂದಿದೆಯಾ ಅಂತ ನೋಡೋಕೆ ನಮ್ಮ ಮನೆಗಳಲ್ಲಿ ಒಂದು ಅಗುಳು ತೆಗೆದು ಹಿಚುಕುತ್ತಾರೆ. ಇಡೀ ಪಾತ್ರೆ ಉಣ್ಣಬೇಕಾಗಿಲ್ಲ. ಸಮೀಕ್ಷೆ ಅಂದರೆ ಅಷ್ಟೇ. ಒಂದು ಸಾವಿರ ಜನರನ್ನು ಕೇಳಿದರೆ, ಆ ಸಾವಿರ ಜನ ನಿಜವಾಗಿಯೂ ಚೀಟಿ ಎತ್ತಿದ ಹಾಗೆ ಆರಿಸಿದವರಾಗಿದ್ದರೆ, ಒಬ್ಬ ಅಭ್ಯರ್ಥಿಯ ಅಂಕಿ ಶೇ 3ರಷ್ಟು ಮೇಲೆ ಅಥವಾ ಕೆಳಗೆ ಆಗಬಹುದು. ಇದಕ್ಕೆ ಮಾರ್ಜಿನ್ ಆಫ್ ಎರರ್ ಅಂತಾರೆ. ಪತ್ರಿಕೆಗಳಲ್ಲಿ ಕೊನೇ ಸಾಲಿನಲ್ಲಿ, ಸಣ್ಣ ಅಕ್ಷರದಲ್ಲಿ ಇರುತ್ತೆ. ಹೆಚ್ಚಿನವರು ಎಡವುವುದು ಇಲ್ಲೇ. ಆ 3 ಒಬ್ಬೊಬ್ಬರ ಅಂಕಿಗೆ. ನಾವು ನೋಡುವುದು ಲೀಡ್, ಅಂದರೆ ಇಬ್ಬರ ನಡುವಿನ ವ್ಯತ್ಯಾಸ. ಒಬ್ಬರಿಗೆ 3 ಹೆಚ್ಚಾದಾಗ ಆ 3 ಸಾಮಾನ್ಯವಾಗಿ ಇನ್ನೊಬ್ಬರಿಂದಲೇ ಬಂದಿರುತ್ತೆ. ಹಾಗಾಗಿ ಲೀಡ್‌ನ ಅಲುಗಾಟ ಹೆಚ್ಚುಕಡಿಮೆ 6. ‘ಹ್ಯಾರಿಸ್ 2 ಪಾಯಿಂಟ್ ಮುಂದೆ’ (2024ರಲ್ಲಿ ಟ್ರಂಪ್ ಎದುರು ನಿಂತ ಕಮಲಾ ಹ್ಯಾರಿಸ್) ಅನ್ನುವ ಹೆಡ್‌ಲೈನ್‌ನ ಅರ್ಥ ‘8 ಮುಂದೆಯಿಂದ 4 ಹಿಂದೆವರೆಗೆ ಎಲ್ಲಿ ಬೇಕಾದರೂ ಇರಬಹುದು’ ಅಂತ. ಹೀಗೆ ಬರೆದರೆ ಪೇಪರ್ ಯಾರು ಓದುತ್ತಾರೆ ಹೇಳಿ!

ಸರಿ, ಜಾಸ್ತಿ ಜನರನ್ನು ಕೇಳೋಣ ಅಂದುಕೊಳ್ಳಿ. ನಾನು ಸುಮ್ನೆ ಒಂದು ಲೆಕ್ಕ ಹಾಕಿದೆ. 2016ರಲ್ಲಿ ವಿಸ್ಕಾನ್ಸಿನ್‌ನ ಅಂತರ ಶೇ 0.77. ಅಷ್ಟು ಸಣ್ಣ ಲೀಡನ್ನು ನೂರಕ್ಕೆ 95ರ ಭರವಸೆಯಲ್ಲಿ ಹಿಡಿಯಬೇಕಾದರೆ ಸುಮಾರು 65,000 ಜನರನ್ನು ಕೇಳಬೇಕು. ಸಾಮಾನ್ಯವಾಗಿ ಕೇಳುವುದು 800, ಜಾಸ್ತಿ ಅಂದರೆ 1,500.

65,000 ಕೇಳಿದರೆ ಆಯ್ತಾ? ಅದೂ ಇಲ್ಲ. 1936ರಲ್ಲಿ ಲಿಟರರಿ ಡೈಜೆಸ್ಟ್ ಅನ್ನುವ ಪತ್ರಿಕೆ ಒಂದು ಕೋಟಿ ಜನರಿಗೆ ಕಾರ್ಡ್ ಕಳಿಸಿತು. 20 ಲಕ್ಷಕ್ಕೂ ಹೆಚ್ಚು ಕಾರ್ಡ್ ವಾಪಸ್ ಬಂದವು. ಲೆಕ್ಕ ಹಾಕಿ, ರೂಸ್‌ವೆಲ್ಟ್ ಸೋಲುತ್ತಾರೆ, ಲ್ಯಾಂಡನ್ ಗೆಲ್ಲುತ್ತಾರೆ ಅಂತ ಬರೆದರು. ಲ್ಯಾಂಡನ್ ಗೆದ್ದದ್ದು ಎರಡು ರಾಜ್ಯ, ಮೇನ್ ಮತ್ತು ವರ್ಮಾಂಟ್. ವಿಳಾಸಗಳನ್ನು ಫೋನ್ ಇದ್ದವರ, ಕಾರು ಇದ್ದವರ ಪಟ್ಟಿಗಳಿಂದ ತೆಗೆದಿದ್ದರು. ಅದು ಸಾಲದು ಅಂತ, ಕಾರ್ಡ್ ವಾಪಸ್ ಕಳಿಸುವ ಉಮೇದು ಇದ್ದವರೂ ಹೆಚ್ಚಾಗಿ ಒಂದೇ ಕಡೆಯವರು. ಪಾತ್ರೆಯ ಮೇಲಿನಿಂದಲೇ ಎಷ್ಟು ಸೌಟು ತೆಗೆದರೂ ತಳ ಹತ್ತಿದ್ದು ಗೊತ್ತಾಗುವುದಿಲ್ಲ, ಅಲ್ವಾ?

ಈಗ ವಿಸ್ಕಾನ್ಸಿನ್‌ಗೆ ಬರೋಣ. ಆ ರಾಜ್ಯದಲ್ಲಿ ತುಂಬಾ ಗೌರವ ಇರುವ ಸಮೀಕ್ಷೆ ಮಿಲ್ವಾಕಿಯ ಮಾರ್ಕೆಟ್ ವಿಶ್ವವಿದ್ಯಾಲಯದ ಕಾನೂನು ಶಾಲೆಯದು. (ನಮ್ಮ ಕೆ.ಆರ್. ಮಾರ್ಕೆಟ್ ಅಲ್ಲ, ಇದು ಫ್ರೆಂಚ್ ಪಾದ್ರಿಯೊಬ್ಬರ ಹೆಸರು.) 2016ರ ಅಕ್ಟೋಬರ್ 26ರಿಂದ 31ರವರೆಗೆ ಅವರು ಕೊನೆಯ ಸಲ ಜನರನ್ನು ಕೇಳಿದರು. ಹಿಲರಿ ಕ್ಲಿಂಟನ್ 46, ಟ್ರಂಪ್ 40. ಲೀಡ್ 6. ವೋಟು ಹಾಕುವ ಸಾಧ್ಯತೆ ಹೆಚ್ಚಿರುವ 1,255 ಜನರನ್ನು ಕೇಳಿದ್ದರು, ಮಾರ್ಜಿನ್ ಆಫ್ ಎರರ್ 3.9 ಅಂತ ಅವರೇ ಹೇಳಿದ್ದರು. ಅವತ್ತು ಪೇಪರ್ ಓದಿದವರು ಕ್ಲಿಂಟನ್ ಗೆದ್ದಾಯ್ತು ಅಂದುಕೊಂಡರು. ಕ್ಲಿಂಟನ್ ಪ್ರಚಾರ ತಂಡವೂ ಹಾಗೇ ಅಂದುಕೊಂಡಿರಬೇಕು. ಪಕ್ಷ ಅವರನ್ನು ಅಭ್ಯರ್ಥಿ ಮಾಡಿದ ಮೇಲೆ ಅವರು ಒಂದು ಸಲವೂ ವಿಸ್ಕಾನ್ಸಿನ್‌ಗೆ ಹೋಗಲಿಲ್ಲ.

ಫಲಿತಾಂಶ: ಟ್ರಂಪ್ 47.2, ಕ್ಲಿಂಟನ್ 46.5.

ಈ ಎರಡು ಸಾಲುಗಳನ್ನು ಪಕ್ಕಪಕ್ಕದಲ್ಲಿ ಇಟ್ಟುಕೊಂಡು ನಿಧಾನವಾಗಿ ನೋಡಿ. ಸಮೀಕ್ಷೆ ಕ್ಲಿಂಟನ್‌ಗೆ 46 ಅಂದಿತ್ತು. ಸಿಕ್ಕಿದ್ದು 46.5. ಇದಕ್ಕಿಂತ ಸರಿಯಾಗಿ ಹೇಳೋಕೆ ಆಗುತ್ತಾ? ತಪ್ಪಿದ್ದು ಟ್ರಂಪ್ ಅಂಕಿ, ಅದೂ 7 ಪಾಯಿಂಟ್. 46ಕ್ಕೆ 40 ಕೂಡಿಸಿದರೆ 86. ಹಾಗಾದರೆ ಉಳಿದ 14 ಯಾರ ಹತ್ತಿರ ಇತ್ತು? ಸ್ವಲ್ಪ ಮೂರನೇ ಪಕ್ಷಗಳ ಹತ್ತಿರ, ಮಿಕ್ಕಿದ್ದು ಇನ್ನೂ ಮನಸ್ಸು ಮಾಡದವರ ಹತ್ತಿರ, ಅಥವಾ ಹೇಳಲು ಇಷ್ಟವಿಲ್ಲದವರ ಹತ್ತಿರ. ಮತಗಟ್ಟೆ ಸಮೀಕ್ಷೆಯ ಪ್ರಕಾರ ಅಲ್ಲಿ ಏಳರಲ್ಲಿ ಒಬ್ಬರು ಕೊನೆಯ ವಾರದಲ್ಲಿ ತೀರ್ಮಾನ ಮಾಡಿದವರು, ಅವರಲ್ಲಿ ಹೆಚ್ಚಿನವರು ಟ್ರಂಪ್ ಕಡೆ ವಾಲಿದರು. ಮಾರ್ಕೆಟ್‌ನವರು ಆ ಹೊತ್ತಿಗೆ ಪ್ರಶ್ನೆ ಕೇಳುವುದನ್ನು ನಿಲ್ಲಿಸಿದ್ದರು.

ಅದಕ್ಕೇ ನಾನು ಲೀಡ್ ನೋಡುವುದನ್ನು ಬಿಟ್ಟಿದ್ದೇನೆ. ಮೊದಲು ಎರಡು ಅಂಕಿಗಳನ್ನು ಬೇರೆಬೇರೆಯಾಗಿ ನೋಡುತ್ತೇನೆ. 50 ಮುಟ್ಟಿದವರು ಇದ್ದಾರಾ? ಇಬ್ಬರನ್ನೂ ಕೂಡಿಸಿದರೆ 100ಕ್ಕೆ ಎಷ್ಟು ಉಳಿಯುತ್ತೆ? ಉಳಿದದ್ದು ಲೀಡ್‌ಗಿಂತ ದೊಡ್ಡದಾಗಿದ್ದರೆ ಲೀಡ್‌ಗೆ ಬೆಲೆಯೇ ಇಲ್ಲ. 46–40 ಮತ್ತು 52–46, ಎರಡರಲ್ಲೂ ಲೀಡ್ 6. ಆದರೆ ಮೊದಲನೆಯದರಲ್ಲಿ 14 ಪಾಯಿಂಟ್ ಯಾರ ಜೇಬಿಗೂ ಸೇರಿಲ್ಲ. ಎರಡನೆಯದರಲ್ಲಿ ಬರೀ 2.

ಇನ್ನು ಅಡುಗೆಮನೆಯ ಒಳಗೆ ಹೋಗೋಣ. ಸಮೀಕ್ಷೆ ಅಂದರೆ ಫೋನ್ ಮಾಡಿ ಎಣಿಸುವುದು ಅಂದುಕೊಂಡಿರುತ್ತೇವೆ. ಎಣಿಸಿದ ಮೇಲೇ ನಿಜವಾದ ಕೆಲಸ ಶುರು. ಫೋನ್ ಎತ್ತಿದವರಲ್ಲಿ ವಯಸ್ಸಾದವರು ಜಾಸ್ತಿ, ಹುಡುಗರು ಕಮ್ಮಿ. ಡಿಗ್ರಿ ಮಾಡಿದವರು ಜಾಸ್ತಿ, ಮಾಡದವರು ಕಮ್ಮಿ. ಹಾಗಾಗಿ ಕಮ್ಮಿ ಸಿಕ್ಕವರ ಒಂದು ಉತ್ತರವನ್ನು ಒಂದೂವರೆ ಅಂತ, ಜಾಸ್ತಿ ಸಿಕ್ಕವರದನ್ನು ಮುಕ್ಕಾಲು ಅಂತ ಎಣಿಸುತ್ತಾರೆ. ಇದು ವೆಯ್ಟಿಂಗ್, ತೂಕ ಕೊಡುವುದು. ಉಪ್ಪು ಎಷ್ಟು ಹಾಕಬೇಕು ಅನ್ನುವುದು ಅಡುಗೆಯವರ ಕೈಗೆ ಬಿಟ್ಟದ್ದು.

ಆ ಕೈಗುಣ ಎಷ್ಟು ವ್ಯತ್ಯಾಸ ಮಾಡುತ್ತೆ? 2016ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನವರು ಒಂದು ಚೆಂದದ ಪ್ರಯೋಗ ಮಾಡಿದರು. ಫ್ಲೋರಿಡಾದ 867 ಮತದಾರರನ್ನು ಕೇಳಿದ ತಮ್ಮದೇ ಸಮೀಕ್ಷೆಯ ಕಚ್ಚಾ ಉತ್ತರಗಳನ್ನು ನಾಲ್ಕು ಬೇರೆಬೇರೆ ತಜ್ಞರ ತಂಡಗಳಿಗೆ ಕೊಟ್ಟರು. ಅದೇ ಜನ, ಅದೇ ಉತ್ತರ. ಒಬ್ಬರ ಲೆಕ್ಕದಲ್ಲಿ ಕ್ಲಿಂಟನ್ 4 ಮುಂದೆ. ಇನ್ನೊಬ್ಬರಲ್ಲಿ 3 ಮುಂದೆ. ಮತ್ತೊಬ್ಬರಲ್ಲಿ 1. ನಾಲ್ಕನೆಯವರಲ್ಲಿ ಟ್ರಂಪ್ 1 ಮುಂದೆ! ಯಾರೂ ಮೋಸ ಮಾಡಲಿಲ್ಲ. ಒಂದೇ ಅಕ್ಕಿ, ನಾಲ್ಕು ಮನೆಯ ಅನ್ನ. ಆ 5 ಪಾಯಿಂಟ್ ವ್ಯತ್ಯಾಸ ಮಾರ್ಜಿನ್ ಆಫ್ ಎರರ್ ಒಳಗೆ ಬರುವುದೇ ಇಲ್ಲ. ಮಾರ್ಜಿನ್ ಆಫ್ ಎರರ್ ಅನ್ನುವುದು ಬರೀ ಅಗುಳು ಆರಿಸುವಾಗ ಆಗುವ ಏರುಪೇರಿನ ಲೆಕ್ಕ. ಅಡುಗೆಯವರ ತೀರ್ಮಾನಕ್ಕೆ ಲೆಕ್ಕ ಇಲ್ಲ.

2016ರ ನಂತರ ಸಮೀಕ್ಷೆಯವರೆಲ್ಲ ಕೂತು ಪೋಸ್ಟ್‌ಮಾರ್ಟಂ ಮಾಡಿದರು. ಸಿಕ್ಕ ದೊಡ್ಡ ತಪ್ಪುಗಳಲ್ಲಿ ಒಂದು, ರಾಜ್ಯಮಟ್ಟದ ಹಲವು ಸಮೀಕ್ಷೆಗಳು ಓದಿಗೆ ತಕ್ಕ ತೂಕ ಕೊಟ್ಟಿರಲಿಲ್ಲ. ಹಿಂದೆ ಅದರಿಂದ ಹೆಚ್ಚು ತೊಂದರೆ ಆಗುತ್ತಿರಲಿಲ್ಲ. ಆದರೆ ಆ ವರ್ಷ ಡಿಗ್ರಿ ಇಲ್ಲದ ಬಿಳಿಯರು ಟ್ರಂಪ್ ಕಡೆ ಹೋದರು, ಡಿಗ್ರಿ ಇದ್ದವರು ಕ್ಲಿಂಟನ್ ಕಡೆ ಬಂದರು. ಸರಿ, ತಪ್ಪು ಗೊತ್ತಾಯ್ತು, ತಿದ್ದಿಕೊಂಡರು. 2020 ಬಂತು.

2020 ಇನ್ನೂ ಕೆಟ್ಟದಾಯ್ತು! ದೇಶ ಪೂರ್ತಿ ನೋಡಿದರೆ 40 ವರ್ಷಗಳಲ್ಲೇ ಅತಿ ದೊಡ್ಡ ತಪ್ಪು. ವಿಸ್ಕಾನ್ಸಿನ್‌ನಲ್ಲಿ ಸಮೀಕ್ಷೆಗಳ ಸರಾಸರಿ ಬೈಡನ್‌ಗೆ 8 ಪಾಯಿಂಟ್ ಲೀಡ್ ಕೊಟ್ಟಿತ್ತು. ಅಕ್ಟೋಬರ್ ಕೊನೆಯಲ್ಲಿ ವಾಷಿಂಗ್ಟನ್ ಪೋಸ್ಟ್ ಮತ್ತು ಎಬಿಸಿ ಸೇರಿ ಮಾಡಿದ ಸಮೀಕ್ಷೆ 57–40 ಅಂದಿತು, 17 ಪಾಯಿಂಟ್. ಬೈಡನ್ ಗೆದ್ದದ್ದು ಶೇ 0.63ರಿಂದ. ಮಾರ್ಕೆಟ್‌ನವರು 48–43 ಅಂದಿದ್ದರು. ನಿಜವಾಗಿ ಬಂದದ್ದು 49.4 ಮತ್ತು 48.8. ಮತ್ತೆ ಅದೇ ಕಥೆ ನೋಡಿ. ಡೆಮಾಕ್ರಟ್ ಅಂಕಿ ಹತ್ತಿರ ಇದೆ, ಟ್ರಂಪ್ ಅಂಕಿ ಕಮ್ಮಿ.

ಓದಿನ ತೂಕ ಸರಿ ಮಾಡಿದರೂ ಯಾಕೆ ಹೀಗಾಯ್ತು? ಈಗ ಆ ಒಂದು ಕೈಗೆ ವಾಪಸ್ ಬರೋಣ. ಪ್ಯೂ ಅನ್ನುವ ಸಂಶೋಧನಾ ಸಂಸ್ಥೆ 1997ರಲ್ಲಿ ನೂರು ಜನರಿಗೆ ಫೋನ್ ಮಾಡಿದರೆ 36 ಜನ ಉತ್ತರ ಕೊಡುತ್ತಿದ್ದರು. 2018ರ ಹೊತ್ತಿಗೆ ಅದು 6ಕ್ಕೆ ಇಳಿದಿತ್ತು. ಈ ಕೋಣೆಯಲ್ಲಿ ಒಬ್ಬರು. ನಾನು ಸಮೀಕ್ಷೆ ಮಾಡಿದರೆ ನಿಮ್ಮೆಲ್ಲರ ಪರವಾಗಿ ಅವರು ಮಾತಾಡುತ್ತಾರೆ. ಅವರ ವಯಸ್ಸು, ಓದು, ಊರು ಎಲ್ಲ ನಿಮ್ಮಲ್ಲಿ ಹಲವರಿಗೆ ಹೊಂದುತ್ತೆ. ಆದರೆ ಒಂದು ವಿಷಯದಲ್ಲಿ ಅವರು ನಿಮ್ಮ ಹಾಗಿಲ್ಲ: ಅವರು ಫೋನ್ ಎತ್ತುತ್ತಾರೆ. ಅಪರಿಚಿತರನ್ನು ನಂಬುತ್ತಾರೆ. ಈ ನಂಬಿಕೆಗೂ ವೋಟಿಗೂ ಸಂಬಂಧ ಇಲ್ಲದಿದ್ದರೆ ಚಿಂತೆ ಇಲ್ಲ. ಆದರೆ ಟ್ರಂಪ್ ಕಾಲದಲ್ಲಿ ಆ ಸಂಬಂಧ ಹುಟ್ಟಿಕೊಂಡಿತು. ಪತ್ರಿಕೆ, ವಿಶ್ವವಿದ್ಯಾಲಯ, ಸಮೀಕ್ಷೆ, ಇವೆಲ್ಲ ನಮ್ಮ ಕಡೆಯವರಲ್ಲ ಅಂತ ಅಂದುಕೊಂಡವನು ಫೋನ್ ಎತ್ತುವುದಿಲ್ಲ. ಅವನ ಜಾಗದಲ್ಲಿ ಅದೇ ವಯಸ್ಸಿನ, ಅದೇ ಓದಿನ, ಆದರೆ ಸ್ವಲ್ಪ ಬೇರೆ ಮನಸ್ಸಿನವನು ಉತ್ತರ ಕೊಡುತ್ತಾನೆ. ಎಷ್ಟು ತೂಕ ಕೊಟ್ಟರೂ ಇದು ಸರಿಹೋಗದು. 2020ರ ಬಗ್ಗೆ ತಜ್ಞರ ಸಮಿತಿ ತಪ್ಪಿನ ಅಳತೆ ಹೇಳಿತು, ಕಾರಣ ಇದೇ ಅಂತ ಖಚಿತವಾಗಿ ಹೇಳಲು ಆಗಲಿಲ್ಲ. ಉತ್ತರ ಕೊಡದವರ ಬಗ್ಗೆ ಉತ್ತರ ಎಲ್ಲಿಂದ ತರುತ್ತೀರಿ?

ವಿಸ್ಕಾನ್ಸಿನ್‌ನಲ್ಲಿ ಇನ್ನೊಂದು ತೊಡಕಿದೆ. ಪೆನ್ಸಿಲ್ವೇನಿಯಾದಲ್ಲಿ ಮತದಾರರ ಪಟ್ಟಿಯಲ್ಲೇ ನೀವು ಯಾವ ಪಕ್ಷ ಅಂತ ಬರೆದಿರುತ್ತೆ. ವಿಸ್ಕಾನ್ಸಿನ್‌ನಲ್ಲಿ ಇಲ್ಲ. ಮೇಲಾಗಿ ಮತದಾನದ ದಿನವೇ ಬಂದು ಹೆಸರು ಸೇರಿಸಿಕೊಂಡು ವೋಟು ಹಾಕಬಹುದು. ಪಟ್ಟಿಯಲ್ಲೇ ಇಲ್ಲದವನನ್ನು ಮೊದಲೇ ಕೇಳುವುದು ಹೇಗೆ?

ಇಷ್ಟು ಕೇಳಿದ ಮೇಲೆ ಕೆಲವರಿಗೆ ಒಂದು ಸುಲಭದ ಉಪಾಯ ಹೊಳೆಯುತ್ತೆ. ‘ಸಮೀಕ್ಷೆ ಏನೇ ಹೇಳಲಿ, ಟ್ರಂಪ್ ಪಕ್ಷಕ್ಕೆ ಐದು ಕೂಡಿಸಿಬಿಡೋಣ.’ 2022ರಲ್ಲಿ ಹೀಗೆ ಮಾಡಿದವರು ಪೆಟ್ಟು ತಿಂದರು. ಆ ವರ್ಷ ವಿಸ್ಕಾನ್ಸಿನ್ ಗವರ್ನರ್ ಚುನಾವಣೆಗೆ ಮಾರ್ಕೆಟ್‌ನ ಕೊನೆಯ ಸಮೀಕ್ಷೆ 48–48 ಅಂದಿತ್ತು. ಡೆಮಾಕ್ರಟ್ ಟೋನಿ ಎವರ್ಸ್ 3 ಪಾಯಿಂಟ್‌ಗಿಂತ ಜಾಸ್ತಿ ಅಂತರದಲ್ಲಿ ಗೆದ್ದರು. ತಪ್ಪು ಈ ಸಲ ಎದುರು ದಿಕ್ಕಿಗೆ. ಅದೇ ದಿನ, ಅದೇ ರಾಜ್ಯದ ಸೆನೆಟ್ ಸ್ಪರ್ಧೆಯಲ್ಲಿ ಅದೇ ಸಮೀಕ್ಷೆ 50–48 ಅಂದು, ಹೆಚ್ಚುಕಡಿಮೆ ಸರಿಯಾಗಿತ್ತು. ಟ್ರಂಪ್ ಹೆಸರು ಬ್ಯಾಲೆಟ್‌ನಲ್ಲಿ ಇದ್ದಾಗ ಮಾತ್ರ ಬರುವ ಮತದಾರರು ಇದ್ದಾರೆ ಅಂತ ನನ್ನ ಅನಿಸಿಕೆ. ಆದರೆ ಮೂರು ಚುನಾವಣೆ ಇಟ್ಟುಕೊಂಡು ನಿಯಮ ಬರೆಯುವ ಧೈರ್ಯ ನನಗಿಲ್ಲ.

ಈಗ 2024. ಏಳು ಸ್ವಿಂಗ್ ಸ್ಟೇಟ್‌ಗಳು. ಕೊನೆಯ ವಾರ ಎಲ್ಲ ಕಡೆ ಒಂದೇ ರಾಗ: ಸಮಸಮ, ಸಮಸಮ. ನ್ಯೂಯಾರ್ಕ್ ಟೈಮ್ಸ್‌ನ ಕೊನೆಯ ಸಮೀಕ್ಷೆ ಪೆನ್ಸಿಲ್ವೇನಿಯಾದಲ್ಲಿ 48–48. ಮಾರ್ಕೆಟ್ ವಿಸ್ಕಾನ್ಸಿನ್‌ನಲ್ಲಿ ಹ್ಯಾರಿಸ್ 50, ಟ್ರಂಪ್ 49. ನನಗೆ ಆಗ ಗುಮಾನಿ ಬಂದದ್ದು ಇದರ ಮೇಲೇ. ಒಂದು ನಾಣ್ಯವನ್ನು ನೂರು ಸಲ ಚಿಮ್ಮಿದರೆ ಸರಾಸರಿ 50 ಹೆಡ್ ಬರಬೇಕು, ನಿಜ. ಆದರೆ ಇಪ್ಪತ್ತು ಜನ ಬೇರೆಬೇರೆಯಾಗಿ ನೂರು ನೂರು ಸಲ ಚಿಮ್ಮಿ, ಎಲ್ಲರೂ ಬಂದು ‘50, 51, 49, 50’ ಅಂದರೆ? ಯಾರೋ ಪಕ್ಕದವನ ಚೀಟಿ ನೋಡಿದ್ದಾರೆ ಅಂತ ಅರ್ಥ. ಸಮೀಕ್ಷೆ ಪ್ರಾಮಾಣಿಕವಾಗಿದ್ದರೆ ಅಲ್ಲೊಂದು ಇಲ್ಲೊಂದು 6, 7 ಪಾಯಿಂಟಿನ ವಿಚಿತ್ರ ಅಂಕಿ ಬರಲೇಬೇಕು. ಅಂಥವು ತೀರಾ ಕಮ್ಮಿ ಬಂದವು. ತಪ್ಪಾದರೂ ಎಲ್ಲರ ಜೊತೆ ತಪ್ಪಾಗೋಣ ಅನ್ನುವ ಭಯ ಇದು. ಇದಕ್ಕೆ ಹರ್ಡಿಂಗ್ ಅಂತಾರೆ, ಮಂದೆಯ ಜೊತೆ ಹೋಗುವುದು. ಇನ್ನೊಂದು ಕಾರಣ ಅಷ್ಟು ಕೆಟ್ಟದ್ದಲ್ಲ. ಹಲವರು ‘2020ರಲ್ಲಿ ಯಾರಿಗೆ ವೋಟು ಹಾಕಿದಿರಿ’ ಅಂತ ಕೇಳಿ, ಅದಕ್ಕೆ ತಕ್ಕ ಹಾಗೆ ತೂಕ ಕೊಟ್ಟರು. 2020 ಸಮಸಮ ಇದ್ದದ್ದರಿಂದ 2024ರ ಅಂಕಿಗಳೂ ತಾವಾಗಿ ಸಮಸಮದ ಕಡೆ ಎಳೆದವು.

ಮಂದೆ ಬಿಟ್ಟು ಹೋದವರೂ ಇದ್ದರು. ಪಕ್ಕದ ಅಯೋವಾದಲ್ಲಿ ಆನ್ ಸೆಲ್ಜರ್ ಅಂತ, ಈ ಕ್ಷೇತ್ರದಲ್ಲಿ ದೊಡ್ಡ ಹೆಸರು. 2016 ಮತ್ತು 2020ರಲ್ಲಿ ಬೇರೆಯವರೆಲ್ಲ ಒಂದು ಹೇಳಿದರೆ ಈಕೆ ಇನ್ನೊಂದು ಹೇಳಿ, ಎರಡೂ ಸಲ ಈಕೆಯದೇ ಸರಿಯಾಗಿತ್ತು. 2024ರ ಚುನಾವಣೆಗೆ ಮೂರು ದಿನ ಮುಂಚೆ ಅಯೋವಾದಲ್ಲಿ ಹ್ಯಾರಿಸ್ 47, ಟ್ರಂಪ್ 44 ಅಂತ ಪ್ರಕಟಿಸಿದರು. ದೇಶವೇ ಬೆಚ್ಚಿಬಿತ್ತು. ಟ್ರಂಪ್ ಅಲ್ಲಿ ಗೆದ್ದದ್ದು 13 ಪಾಯಿಂಟ್‌ನಿಂದ. 16 ಪಾಯಿಂಟ್ ತಪ್ಪು! ಎಲ್ಲರೂ ಆಡಿಕೊಂಡರು. ನಾನು ಆಡಿಕೊಳ್ಳಲಾರೆ. ಬಂದ ಅಂಕಿಯನ್ನು ಮುಚ್ಚಿಡದೆ, ತಿದ್ದದೆ ಪ್ರಕಟಿಸುವುದು ಸುಲಭವಲ್ಲ. ಆದರೆ ಹಳೆಯ ಹೆಸರು ನೋಡಿಕೊಂಡು ಒಂದೇ ಸಮೀಕ್ಷೆಯ ಮೇಲೆ ಭಾರ ಹಾಕಿದವರಿಗೆ ಅದು ದುಬಾರಿಯಾಯ್ತು.

ಏಳು ರಾಜ್ಯಗಳಲ್ಲೂ ಟ್ರಂಪ್ ಗೆದ್ದರು. ‘ಸಮಸಮ ಅಂದಿದ್ದರಲ್ಲ, ಮೂರು ಒಬ್ಬರಿಗೆ ನಾಲ್ಕು ಇನ್ನೊಬ್ಬರಿಗೆ ಬರಬೇಕಿತ್ತಲ್ಲ’ ಅಂತ ಅವತ್ತು ನನ್ನ ಗೆಳೆಯರೊಬ್ಬರು ಕೇಳಿದರು. ಇದೇ ನೋಡಿ ದೊಡ್ಡ ತಪ್ಪು ತಿಳಿವಳಿಕೆ. ಸಮಸಮ ಅಂದರೆ ಫಲಿತಾಂಶ ಸಮಸಮ ಬರುತ್ತೆ ಅಂತ ಅಲ್ಲ. ಯಾರು ಮುಂದೆ ಅಂತ ಸಮೀಕ್ಷೆಗೆ ಗೊತ್ತಾಗುತ್ತಿಲ್ಲ ಅಂತ ಅಷ್ಟೇ. ಸಂತೆಯಲ್ಲಿ ಹತ್ತು ತಕ್ಕಡಿ ಇವೆ, ಹತ್ತರಲ್ಲೂ ಒಂದೇ ಅಂಗಡಿಯ ತೂಕದ ಕಲ್ಲು. ಕಲ್ಲು ಸವೆದಿದ್ದರೆ ಹತ್ತೂ ತಕ್ಕಡಿ ಒಂದೇ ಕಡೆ ತಪ್ಪು ತೂಗುತ್ತವೆ. ಹತ್ತರ ಸರಾಸರಿ ತೆಗೆದರೆ ಸಿಗುವುದೂ ಅದೇ ತಪ್ಪು. ಮಿಷಿಗನ್‌ನಲ್ಲಿ ಫೋನ್ ಎತ್ತದ ಅದೇ ಥರದವನು ವಿಸ್ಕಾನ್ಸಿನ್‌ನಲ್ಲೂ ಎತ್ತುವುದಿಲ್ಲ, ಪೆನ್ಸಿಲ್ವೇನಿಯಾದಲ್ಲೂ ಎತ್ತುವುದಿಲ್ಲ. ಹಾಗಾಗಿ ಅವರ ಫಲಿತಾಂಶ ಹೆಚ್ಚಾಗಿ ಜೊತೆಯಲ್ಲೇ ವಾಲುತ್ತದೆ.

ತಮಾಷೆ ಅಂದರೆ, ಅಂಕಿ ಲೆಕ್ಕದಲ್ಲಿ 2024ರ ಸಮೀಕ್ಷೆಗಳು ಒಳ್ಳೆಯವೇ. ಮಾರ್ಕೆಟ್ ಹೇಳಿದ್ದು 50–49. ಬಂದದ್ದು ಟ್ರಂಪ್ 49.6, ಹ್ಯಾರಿಸ್ 48.7. ಎರಡು ಅಂಕಿಯೂ ಒಂದೂವರೆ ಪಾಯಿಂಟ್ ಒಳಗೆ! 2016ಕ್ಕೆ ಹೋಲಿಸಿದರೆ ಚಿನ್ನ. ಆದರೂ ಗೆದ್ದವರ ಹೆಸರು ಉಲ್ಟಾ, ಅದಕ್ಕೇ ಬೈಸಿಕೊಂಡರು. 2020ರಲ್ಲಿ 17 ಪಾಯಿಂಟ್ ಅಂದವರು ಗೆದ್ದವರ ಹೆಸರು ಸರಿಯಾಗಿ ಹೇಳಿದ್ದರು.

ಪ್ರಶ್ನೆಗಳಿಗೆ ಬರೋಣ. ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಕೇಳಿದಳು, ‘ಹಾಗಾದರೆ ಸರ್, ಬೆಟ್ಟಿಂಗ್ ನೋಡಬಹುದಾ?’ ನೋಡಬಹುದು. ಆದರೆ ಬೆಟ್ ಕಟ್ಟುವವರೂ ಇದೇ ಸಮೀಕ್ಷೆಗಳನ್ನು ಓದಿಕೊಂಡೇ ಕಟ್ಟುವುದು. 2016ರಲ್ಲಿ ಅವರೂ ಕ್ಲಿಂಟನ್ ಅಂದಿದ್ದರು.

ಒಬ್ಬ ಹಿರಿಯರು, ‘ಇಷ್ಟೆಲ್ಲ ತಪ್ಪಾದರೆ ಸಮೀಕ್ಷೆ ಯಾಕಪ್ಪಾ ಬೇಕು?’ ಅಂದರು. ಒಂದು ಮಾತು ಸರ್. 1 ಪಾಯಿಂಟ್ ವ್ಯತ್ಯಾಸ ಕೇಳಿದರೆ ಅದಕ್ಕೆ ಗೊತ್ತಾಗುವುದಿಲ್ಲ. ಆದರೆ ವಿಸ್ಕಾನ್ಸಿನ್ ಒಂದು ಸ್ವಿಂಗ್ ಸ್ಟೇಟ್, ಕ್ಯಾಲಿಫೋರ್ನಿಯಾ ಅಲ್ಲ ಅನ್ನುವುದೂ ನಮಗೆ ಅದರಿಂದಲೇ ಗೊತ್ತಾಗಿದ್ದು. ಬೆಲೆ ಏರಿಕೆ ಜನರಿಗೆ ಎಷ್ಟು ಕಾಡುತ್ತಿದೆ, ಯಾವ ವಯಸ್ಸಿನವರು ಪಕ್ಷ ಬದಲಿಸುತ್ತಿದ್ದಾರೆ, ಇದನ್ನೆಲ್ಲ ಅದು ಚೆನ್ನಾಗಿ ಹೇಳುತ್ತೆ. ಸೊಪ್ಪಿನ ತಕ್ಕಡಿಯಲ್ಲಿ ಚಿನ್ನ ತೂಗಿದರೆ ತಪ್ಪು ತಕ್ಕಡಿಯದಾ?

ಕೊನೆಯ ಪ್ರಶ್ನೆ, ಫೋನ್ ಎತ್ತುವ ನಮ್ಮ ನಾಯಕರದ್ದೇ. ‘ಮುಂದಿನ ಸಲ ರಾತ್ರಿ ಎಷ್ಟು ಹೊತ್ತಿಗೆ ಟಿವಿ ಹಾಕಬೇಕು?’ ರಾತ್ರಿ ಬೇಡ ಸರ್, ಮಲಗಿ. ವಿಸ್ಕಾನ್ಸಿನ್‌ನಲ್ಲಿ ಅಂಚೆ ಮತಗಳನ್ನು ಮತದಾನದ ದಿನಕ್ಕೆ ಮುಂಚೆ ಮುಟ್ಟುವ ಹಾಗಿಲ್ಲ. ಮಿಲ್ವಾಕಿ ಊರಿನವನ್ನೆಲ್ಲ ಒಂದೇ ಕಡೆ ಎಣಿಸುತ್ತಾರೆ, ಅದು ಮುಗಿಯುವುದು ಅಲ್ಲಿ ನಡುರಾತ್ರಿ ಕಳೆದ ಮೇಲೆ. 2016ರಲ್ಲೂ 2024ರಲ್ಲೂ ಎಪಿ ಸುದ್ದಿಸಂಸ್ಥೆಯ ಲೆಕ್ಕದಲ್ಲಿ ಟ್ರಂಪ್ 270 ದಾಟಿದ್ದು ವಿಸ್ಕಾನ್ಸಿನ್ ಸೇರಿದ ಮೇಲೆಯೇ. ಮೊದಲ ಸಲ ನಮ್ಮಲ್ಲಿ ಮಧ್ಯಾಹ್ನ ಸುಮಾರು 1 ಗಂಟೆ, ಊಟದ ಹೊತ್ತು. ಎರಡನೇ ಸಲ ಸಂಜೆ 4 ಗಂಟೆ, ಕಾಫಿಗೆ ಸರಿಹೋಯ್ತು.